ತೂಕ ಎಲ್ಲಿಂದ ಬಂತು ಎಂಬುದನ್ನು ಮನೆಯಲ್ಲೇ ಪತ್ತೆ ಮಾಡುವ ಬಗೆ

ಮೈ ಬಂದವರಿಗೆ ನಮ್ಮ ಕಡೆ ಮೊದಲು ಸಿಗುವ ಬುದ್ಧಿಮಾತು ‘ಬಾಯಿ ಕಟ್ಟ್ರಿ’ ಎಂಬುದು. ಈ ಮಾತು ನೋವು ಕೊಡುತ್ತದೆಯೇ ಹೊರತು ದಾರಿ ತೋರಿಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 24ರಷ್ಟು, ಪುರುಷರಲ್ಲಿ ಸುಮಾರು ಶೇ 23ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದಾರೆ. 2005–06ರಲ್ಲಿ ಈ ಪ್ರಮಾಣ ಮಹಿಳೆಯರಲ್ಲಿ ಹೆಚ್ಚುಕಡಿಮೆ ಇದರ ಅರ್ಧದಷ್ಟೇ ಇತ್ತು, ಪುರುಷರಲ್ಲಿ ಅರ್ಧಕ್ಕಿಂತಲೂ ಕಡಿಮೆ ಇತ್ತು. ಇಷ್ಟು ಅಲ್ಪ ಅವಧಿಯಲ್ಲಿ ಇಡೀ ದೇಶದ ಮಂದಿಯ ಮನೋಬಲ ಕುಸಿಯಿತು ಎಂದು ನಂಬಲು ಕಾರಣವಿಲ್ಲ. ಬದಲಾದದ್ದು ನಮ್ಮ ಅಡುಗೆಮನೆ, ಅಂಗಡಿ, ದುಡಿಮೆ ಮತ್ತು ನಿದ್ದೆ. ಆದ್ದರಿಂದ ಹುಡುಕಾಟವೂ ಅಲ್ಲಿಂದಲೇ ಆರಂಭವಾಗಬೇಕು.

ಮೊದಲು ಅಳತೆ. ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ತಿಳಿಸುತ್ತದೆ, ಏಕೆಂದರೆ ಅಪಾಯಕಾರಿಯಾದ ಕೊಬ್ಬು ಹೊಟ್ಟೆಯೊಳಗಿನ ಅಂಗಗಳ ಸುತ್ತ ಸೇರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ ಟೇಪನ್ನು ಅಡ್ಡವಾಗಿ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬಾರದು. ಭಾರತೀಯ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಎಚ್ಚರಿಕೆಯ ಗೆರೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ಈ ಅಳತೆಯನ್ನು ಅಲಕ್ಷಿಸಬಾರದು.

ಇನ್ನು ರೊಟ್ಟಿಯ ವಿಷಯ. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಹಳೆಯ ಊಟವನ್ನು ದೂಷಿಸುವವರು ಅದನ್ನು ಪೂರ್ತಿ ನೋಡಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಜೋಳದ ರೊಟ್ಟಿಯ ಜೊತೆ ಮಡಿಕೆ ಕಾಳು ಪಲ್ಯ, ಪುಂಡಿಪಲ್ಯ, ಹಸಿ ಮೆಂತೆ, ಹಕ್ಕರಕಿ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ ತಾಟಿನಲ್ಲಿ ಇರುತ್ತಿದ್ದವು. ನಾರು ಮತ್ತು ನೀರಿನಂಶ ತುಂಬಿದ, ಜಗಿದು ತಿನ್ನಲೇಬೇಕಾದ ಇಂಥ ಊಟದಲ್ಲಿ ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ತಲುಪಲು ಸಮಯ ಸಿಗುತ್ತದೆ. ಹೊಲದಲ್ಲಿ ದಿನವಿಡೀ ಕಳೆ ತೆಗೆದು ಬಂದವರು ನಾಲ್ಕೈದು ರೊಟ್ಟಿ ಉಂಡರೂ ಅದು ದುಡಿಮೆಗೆ ಸರಿಹೋಗುತ್ತಿತ್ತು. ಈಗ ಕಚೇರಿಯಲ್ಲಿ ಕುಳಿತವರಿಗೂ ರೊಟ್ಟಿಯ ಎಣಿಕೆ ಹಾಗೆಯೇ ಉಳಿದಿದೆ, ಸೊಪ್ಪು ಕಾಳು ಕಡಿಮೆಯಾಗಿವೆ, ಮೇಲೆ ಅನ್ನ ಸೇರಿದೆ. ಸುಮಾರು 50 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ 170–175 ಕ್ಯಾಲೊರಿ ಇರುತ್ತದೆ. ಒಂದು ರೊಟ್ಟಿ ಕಡಿಮೆ ಮಾಡಿ ಆ ಜಾಗಕ್ಕೆ ಕಾಳುಪಲ್ಯವನ್ನೂ ಹಸಿ ಸೊಪ್ಪನ್ನೂ ತರಬೇಕು. ರೊಟ್ಟಿಯನ್ನೇ ಬಿಟ್ಟು ಬ್ರೆಡ್ಡಿಗೆ ಹೋಗುವುದರಿಂದ ಪ್ರಯೋಜನವಿಲ್ಲ.

ಎಣ್ಣೆಯ ಲೆಕ್ಕವನ್ನು ಮಾತ್ರ ಅತ್ಯಂತ ನಿಷ್ಠುರವಾಗಿ ಇಡಬೇಕು. ಒಂದು ಗ್ರಾಂ ಹಿಟ್ಟಿನ ಪಿಷ್ಟದಲ್ಲಿ 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9 ಇರುತ್ತದೆ, ಮತ್ತು ಅದು ಒಗ್ಗರಣೆಯಲ್ಲಿ, ಎಣ್ಣೆಗಾಯಿಯಲ್ಲಿ, ಚಪಾತಿಯ ಪದರಿನಲ್ಲಿ ಕಣ್ಣಿಗೆ ಬೀಳದಂತೆ ಒಳಸೇರುತ್ತದೆ. ಹೊಸ ಡಬ್ಬಿ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ 5 ಲೀಟರಿನ ಡಬ್ಬಿ 30 ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ ಸುಮಾರು 42 ಮಿ.ಲೀ. ಆಯಿತು, ಅಂದರೆ 340 ಕ್ಯಾಲೊರಿ ಎಣ್ಣೆಯಿಂದಲೇ ಬಂತು. ಅದೇ ಡಬ್ಬಿಯನ್ನು 50 ದಿನ ಬರುವಂತೆ ಮಾಡಿದರೆ ತಲೆಗೆ 25 ಮಿ.ಲೀ.ಗೆ ಇಳಿಯುತ್ತದೆ, ಯಾರ ತಾಟಿನಿಂದಲೂ ತುತ್ತು ತೆಗೆಯದೆ 130ಕ್ಕೂ ಹೆಚ್ಚು ಕ್ಯಾಲೊರಿ ಹೋಗುತ್ತದೆ. ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ರೂಢಿಯನ್ನು ಬಿಟ್ಟು ಚಮಚದಿಂದ ಹಾಕಿದರೆ ಅರ್ಧ ಕೆಲಸ ಆದಂತೆ. ಸಂಜೆ ಗಾಡಿಯ ಬಳಿ ಗಿರಮಿಟ್ಟಿನ ಜೊತೆ ತಿನ್ನುವ ಮಿರ್ಚಿ ಭಜಿಯ ಎಣ್ಣೆ ಈ ಲೆಕ್ಕದಲ್ಲಿ ಬರುವುದಿಲ್ಲ, ಸಾವಜಿ ಖಾನಾವಳಿಯ ಊಟದ್ದೂ ಬರುವುದಿಲ್ಲ. ಅವನ್ನು ವಾರಕ್ಕೆ ಎಷ್ಟು ಸಲ ಎಂದು ಬೇರೆಯಾಗಿ ಬರೆದಿಡಬೇಕು. ಶೇಂಗಾ ಚಟ್ನಿ ಪೌಷ್ಟಿಕವಾದದ್ದೇ, ಆದರೆ 30 ಗ್ರಾಂ ಶೇಂಗಾದಲ್ಲಿ ಸುಮಾರು 170 ಕ್ಯಾಲೊರಿ ಇರುವುದರಿಂದ ಅದನ್ನು ಚಮಚದ ಲೆಕ್ಕದಲ್ಲಿ ಬಡಿಸಿಕೊಳ್ಳಬೇಕು.

ಚಹಾದ ಲೆಕ್ಕ ಸುಲಭ. ಎರಡು ಚಮಚ ಸಕ್ಕರೆಯ ಐದು ಕಪ್ಪು ಕುಡಿಯುವವರ ಹೊಟ್ಟೆಗೆ ದಿನಕ್ಕೆ 50 ಗ್ರಾಂ ಸಕ್ಕರೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆನ್ನುತ್ತದೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ತಕರಾರು ಮಾಡುವುದಿಲ್ಲ. ಪೇಡೆಯನ್ನು ಹಬ್ಬಕ್ಕೂ ಬೀಗರಿಗೂ ಮೀಸಲಿಡಬಹುದು.

ಕಿರಾಣಿ ಅಂಗಡಿಯಲ್ಲಿ ಜೋತುಬಿದ್ದಿರುವ ಚಿಪ್ಸು, ಬಿಸ್ಕಿಟ್, ಕ್ರೀಮ್ ಬನ್ನುಗಳ ಸಾಲಿಗೆ ಇನ್ನೊಂದು ಗುಣವಿದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯ ಸಂಸ್ಕರಿತ ಆಹಾರವನ್ನೂ ಎರಡು ವಾರ ಸಾದಾ ಆಹಾರವನ್ನೂ ಕೊಟ್ಟು, ಬೇಕಾದಷ್ಟು ತಿನ್ನಲು ಬಿಟ್ಟರು. ಬಡಿಸಿದ ಊಟಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮನಾಗಿದ್ದರೂ ಸಂಸ್ಕರಿತ ಆಹಾರ ಸಿಕ್ಕಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗನೆ ತಿಂದರು. ಮೆತ್ತಗಿರುವುದು, ಬಾಯಲ್ಲಿ ಕರಗುವುದು ತಡೆಯಿಲ್ಲದೆ ಒಳಹೋಗುತ್ತದೆ. ಆದ್ದರಿಂದ ಮಕ್ಕಳಿಗೆ ‘ಸ್ವಲ್ಪ ತಿನ್ನು’ ಎಂದು ಹೇಳುವುದಕ್ಕಿಂತ ಪಾಕೀಟನ್ನು ಮನೆಗೆ ತರದಿರುವುದೇ ನ್ಯಾಯವಾದ ದಾರಿ. ಬದಲಿಗೆ ಚುರುಮುರಿ, ಹುರಿಗಡಲೆ, ಪೇರಲ, ಬಾಳೆಹಣ್ಣು ಕೈಗೆ ಸಿಗುವಂತಿರಲಿ.

ನಡಿಗೆಯಿಂದ ಮಾತ್ರ ತೂಕ ಇಳಿಯುತ್ತದೆಂದು ನಂಬಿ ನಿರಾಶರಾದವರು ಬಹಳ. ಅರ್ಧ ಗಂಟೆ ಬಿರುಸಾಗಿ ನಡೆದರೆ 70 ಕೆ.ಜಿ.ಯವರಿಗೆ 120–150 ಕ್ಯಾಲೊರಿ ಖರ್ಚಾಗುತ್ತದೆ, ಮುಗಿಸಿ ತಿಂಡಿಗೆ ನಿಂತರೆ ಅದು ಮರಳಿ ಬರುತ್ತದೆ. ಆದರೂ ನಡೆಯಲೇಬೇಕು, ಏಕೆಂದರೆ ಇಳಿದ ತೂಕವನ್ನು ಉಳಿಸಿಕೊಳ್ಳಲು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡಲು ಅದು ನೆರವಾಗುತ್ತದೆ. ವಾರಕ್ಕೆ 150 ನಿಮಿಷ ಕನಿಷ್ಠ. ಹುಬ್ಬಳ್ಳಿಯ ಉಣಕಲ್ ಕೆರೆಗೋ ನೃಪತುಂಗ ಬೆಟ್ಟಕ್ಕೋ ಹೋಗಲು ಬೆಳಿಗ್ಗೆ ಪುರುಸೊತ್ತಿಲ್ಲದವರು ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆಯಬಹುದು.

ರಾತ್ರಿ ಹನ್ನೊಂದಕ್ಕೆ ಉಂಡು, ಮೊಬೈಲು ನೋಡುತ್ತ ಐದು ತಾಸು ಮಲಗುವವರಲ್ಲಿ ಹಸಿವಿನ ಹಾರ್ಮೋನು ಏರುತ್ತದೆ, ತೃಪ್ತಿಯದು ಇಳಿಯುತ್ತದೆ. ಅವರು ಆಹಾರಕ್ಕಿಂತ ಮೊದಲು ಏಳು ತಾಸಿನ ನಿದ್ದೆಯನ್ನು ಸರಿಪಡಿಸಿಕೊಳ್ಳಲಿ.

ಈ ಲೆಕ್ಕಗಳಲ್ಲಿ ಹೆಚ್ಚುವರಿ ಏನೂ ಸಿಗದಿದ್ದರೂ ತೂಕ ಏರುತ್ತಿದ್ದರೆ, ಜೊತೆಗೆ ಸುಸ್ತು, ಚಳಿ ತಡೆಯದಿರುವಿಕೆ, ಮುಟ್ಟಿನ ಏರುಪೇರು ಕಂಡರೆ ವೈದ್ಯರ ಬಳಿ ಥೈರಾಯ್ಡ್ ಹಾಗೂ ಪಿಸಿಓಎಸ್ (ಮಹಿಳೆಯರಲ್ಲಿ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ಏರುಪೇರು) ಪರೀಕ್ಷೆ ಆಗಬೇಕು. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮನೋರೋಗದ ಗುಳಿಗೆಗಳಿಂದಲೂ ತೂಕ ಹೆಚ್ಚುತ್ತದೆ. ಅವನ್ನು ತಾವಾಗಿ ನಿಲ್ಲಿಸದೆ, ಎಣ್ಣೆ, ಚಹಾ, ಊಟದ ಬರಹವನ್ನು ಗುಳಿಗೆಯ ಚೀಟಿಯ ಜೊತೆಗೇ ತೋರಿಸಿದರೆ ವೈದ್ಯರಿಗೆ ಕಾರಣ ಹುಡುಕುವುದು ಸುಲಭವಾಗುತ್ತದೆ.