ಮುಖದ ಚರ್ಮದ ಕ್ಯಾನ್ಸರ್‌ಗೆ ಮೋಹ್ಸ್ ಸರ್ಜರಿ: ಮೊದಲು, ಆ ದಿನ, ಆಮೇಲೆ

ಮೂಗಿನ ಬದಿಯಲ್ಲೋ ರೆಪ್ಪೆಯ ಕೆಳಗೋ ಹೊಳಪಿನ ಕಪ್ಪು ಗಂಟೊಂದು ಎದ್ದು, ಒಡೆದು, ಹಕ್ಕಳೆ ಕಟ್ಟಿ, ಮತ್ತೆ ಒಡೆಯುತ್ತಿದ್ದರೆ ಮಚ್ಚೆಯೆಂದು ಸುಡಿಸಿಕೊಳ್ಳಬೇಡಿ. ನಮ್ಮ ಬಣ್ಣದವರಲ್ಲಿ ಬೇಸಲ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಪ್ಪಾಗಿಯೇ ಕಾಣುತ್ತದೆ. ಮೊದಲು ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ, ಆಗಲಿ. ಸುಟ್ಟರೆ ಪರೀಕ್ಷೆಗೆ ಚೂರು ಉಳಿಯದು, ಬೇರು ಮಾತ್ರ ಒಳಗೆ ಉಳಿದೀತು.

ಸಾಮಾನ್ಯ ಆಪರೇಷನ್‌ನಲ್ಲಿ ಗಡ್ಡೆಯ ಸುತ್ತ ಸುಮಾರು 4 ಮಿ.ಮೀ. ಒಳ್ಳೆಯ ಚರ್ಮವೂ ಹೋಗುತ್ತದೆ. ಬೆನ್ನಿನಲ್ಲಿ ಅದು ಲೆಕ್ಕಕ್ಕಿಲ್ಲ, ಮೂಗಿನ ಹೊಳ್ಳೆಯಲ್ಲಿ ಅಷ್ಟು ಹೋದರೆ ಹೊಳ್ಳೆಯ ಆಕಾರವೇ ಕೆಡುತ್ತದೆ. ಮೇಲಾಗಿ ಲ್ಯಾಬ್‌ನಲ್ಲಿ ಆ ತುಂಡನ್ನು ಬ್ರೆಡ್ಡಿನಂತೆ ಹೋಳು ಮಾಡಿ ಕೆಲವನ್ನಷ್ಟೇ ನೋಡುತ್ತಾರೆ. ಎರಡು ಹೋಳುಗಳ ನಡುವೆ ಕ್ಯಾನ್ಸರ್ ತಪ್ಪಿಸಿಕೊಳ್ಳಬಹುದು. 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಮೋಹ್ಸ್ ಆರಂಭಿಸಿದ ಕ್ರಮದಲ್ಲಿ ತಳ ಮತ್ತು ಸುತ್ತಲ ಅಂಚು ಪೂರ್ತಿ ಸೂಕ್ಷ್ಮದರ್ಶಕದಡಿ ಬರುತ್ತದೆ.

ಆ ದಿನ ಉಪವಾಸ ಬೇಡ, ಗಂಜಿಯೋ ತಿಂಡಿಯೋ ಮುಗಿಸಿಯೇ ಬನ್ನಿ. ಮರಗಟ್ಟಿಸುವುದು ಆ ಜಾಗವನ್ನು ಮಾತ್ರ, ರಕ್ತ ಸೋರುವುದನ್ನು ತಡೆಯುವ ಅಡ್ರಿನಲಿನ್ ಬೆರೆಸಿದ ಲಿಗ್ನೋಕೇನ್ ಚುಚ್ಚುಮದ್ದಿನಿಂದ. ಹೃದ್ರೋಗದವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ರಕ್ತ ಸೋರಿದರೆ ಒತ್ತಿ ನಿಲ್ಲಿಸಬಹುದು, ಪಾರ್ಶ್ವವಾಯು ಹಾಗಲ್ಲ.

ಕಾಣುವ ಗಡ್ಡೆಯನ್ನು ಕೆರೆದು, 1–2 ಮಿ.ಮೀ. ಅಂಚು ಬಿಟ್ಟು, ಚಾಕುವನ್ನು ಸುಮಾರು 45 ಡಿಗ್ರಿ ಓರೆ ಹಿಡಿದು ಬಟ್ಟಲಿನಾಕಾರದ ಪದರ ತೆಗೆಯುತ್ತಾರೆ. ತೆಗೆಯುವ ಮೊದಲೇ ತುಂಡಿಗೂ ಗಾಯದ ಅಂಚಿಗೂ ಸೇರಿಸಿ ಗಡಿಯಾರದ 12, 3, 6, 9ರ ಜಾಗದಲ್ಲಿ ಸಣ್ಣ ಗೀರು ಹಾಕಿ ನಕ್ಷೆ ಬರೆಯುತ್ತಾರೆ. ಯಾವ ಕಡೆ ಯಾವುದೆಂದು ತಿಳಿಯಲು ಅಂಚಿಗೆ ಬಣ್ಣ ಹಚ್ಚಿ, ಹೆಪ್ಪುಗಟ್ಟಿಸಿ, ಅಡಿಭಾಗದಿಂದ ತೆಳು ಪದರ ಕೊಯ್ದು ನೋಡುತ್ತಾರೆ. 7ರ ಕಡೆ ಕ್ಯಾನ್ಸರ್ ಉಳಿದಿದ್ದರೆ ಅಲ್ಲಷ್ಟೇ ಇನ್ನೊಂದು ಪದರ. ಪ್ರತಿ ಸುತ್ತಿಗೂ ಸುಮಾರು ಒಂದು ಗಂಟೆ ಹಿಡಿಯುವುದರಿಂದ ಸಂಜೆಯ ಬಸ್ಸನ್ನು ನಂಬಿ ಬರಬೇಡಿ.

ಎಡವುವುದು ಹೆಚ್ಚಾಗಿ ಚಾಕುವಲ್ಲ, ಸ್ಲೈಡು. ತುಂಡು ಸಮತಟ್ಟಾಗದೆ ಅಂಚಿನ ಚರ್ಮ ಸ್ಲೈಡಿಗೆ ಬರದಿದ್ದರೆ ಆ ಭಾಗ ನೋಡಿದಂತಲ್ಲ. ಬಣ್ಣ ಅದಲುಬದಲಾದರೆ ಮುಂದಿನ ಪದರ ತಪ್ಪು ಕಡೆಯಿಂದ ಹೋಗುತ್ತದೆ. ಹಿಂದೊಮ್ಮೆ ಕೊಯ್ದ ಜಾಗದಲ್ಲಿ ಕ್ಯಾನ್ಸರ್ ಅಲ್ಲಲ್ಲಿ ಚದುರಿರಬಹುದು, ಅಂಚು ಸ್ವಚ್ಛವಾಗಿ ಕಂಡರೂ ಅಲ್ಲಿ ಎಚ್ಚರ ಬೇಕು.

ಮೋಹ್ಸ್ ಎಲ್ಲ ಕಡೆ ಸಿಗುವುದಿಲ್ಲ. ಮಂಗಳೂರಲ್ಲಾಗಲಿ ಮಣಿಪಾಲದಲ್ಲಾಗಲಿ ವೈದ್ಯರನ್ನು ಕಾಣುವಾಗ ‘ಅಂಚು ಪೂರ್ತಿ ನೋಡುತ್ತೀರಾ, ಫ್ಲಾಪ್ (ಗಾಯ ಮುಚ್ಚಲು ಪಕ್ಕದಿಂದ ಸರಿಸುವ ಚರ್ಮ) ಹೊಲಿಯುವುದು ಅದಕ್ಕೆ ಮೊದಲೋ ಆಮೇಲೋ?’ ಎಂದು ಕೇಳಿ. ಮೋಹ್ಸ್ ಇಲ್ಲದಲ್ಲಿ ಲ್ಯಾಬ್ ವರದಿ ಬರುವವರೆಗೆ ಗಾಯವನ್ನು ಡ್ರೆಸಿಂಗ್‌ನಲ್ಲೇ ಇಟ್ಟು ಕೆಲವು ದಿನ ಕಾಯುವುದೂ ಒಪ್ಪುವ ದಾರಿಯೇ. ಚರ್ಮ ಸರಿಸಿ ಹೊಲಿದ ಮೇಲೆ ಅಂಚಿನಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾದರೆ, ಯಾವ ಅಂಚು ಎಲ್ಲಿತ್ತೆಂದು ಹುಡುಕುವುದೇ ಕಷ್ಟ.

ಅಡ್ರಿನಲಿನ್ ಇಳಿದ ಮೇಲೆ, ಅಂದರೆ ಮನೆ ಸೇರಿದ ಹೊತ್ತಿಗೆ, ರಕ್ತ ಸೋರುವುದುಂಟು. 20 ನಿಮಿಷ ಒಂದೇ ಸಮನೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ಇಣುಕಬೇಡಿ. ನಿಲ್ಲದಿದ್ದರೆ, ಅಥವಾ ಫ್ಲಾಪ್ ಕಪ್ಪಾಗತೊಡಗಿದರೆ, ಕೂಡಲೇ ಆಸ್ಪತ್ರೆಗೆ. ಕರಾವಳಿಯ ಸೆಕೆಗೆ ಡ್ರೆಸಿಂಗ್ ಬೇಗ ಒದ್ದೆಯಾಗುತ್ತದೆ, ಒದ್ದೆಯಾದದ್ದನ್ನು ಬದಲಿಸಿ. ಮೊದಲ ಪಟ್ಟಿ ಬಿಚ್ಚಿದ ಮೇಲೆ ಸೋಪು ನೀರಲ್ಲಿ ಮೆಲ್ಲಗೆ ತೊಳೆದು ವ್ಯಾಸಲೀನ್ ಹಚ್ಚಿದರೆ ಸಾಕು, ಅರಿಶಿನ ಬೇಡ. ಮೀನು ನಂಜೆಂದು ಬಿಡಿಸುವ ಹಿರಿಯರು ಎಲ್ಲ ಮನೆಯಲ್ಲೂ ಇದ್ದಾರೆ. ಬಂಗುಡೆ ಸಾರು ಉಣ್ಣಲು ಅಡ್ಡಿಯಿಲ್ಲ, ಗಾಯ ಮಾಯಲು ಪ್ರೋಟೀನ್ ಬೇಕು. ಮುಖದ ಹೊಲಿಗೆ ಸಾಮಾನ್ಯವಾಗಿ 5–7 ದಿನಕ್ಕೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ದೋಣಿ ಕೆಲಸ ಮತ್ತು ಸಮುದ್ರಸ್ನಾನ ಬಿಡಿ. ಹೆಲ್ಮೆಟ್ ಗಾಯಕ್ಕೆ ಉಜ್ಜುವಂತಿದ್ದರೆ ಬೈಕ್ ಸವಾರಿಯೂ ಬೇಡ.