ಎಡತುದಿಯ ಲೇನಿಗೆ ಹೋಗುವ ಮುನ್ನ: ಬೇ ಏರಿಯಾದ ಹೊಸಬರಿಗೆ

ನೆಲಮಂಗಲದ ಟೋಲಿನಲ್ಲಿ ಫಾಸ್ಟ್ಯಾಗ್ ಓದಲಿಲ್ಲ ಅಂದರೆ ಅಡ್ಡಗಂಬ ಮೇಲೇಳುವುದಿಲ್ಲ. ಹಿಂದಿನ ಲಾರಿಯವನು ಹಾರ್ನ್ ಒತ್ತುತ್ತಾನೆ, ಹುಡುಗನೊಬ್ಬ ಕೈಯಲ್ಲಿ ಮೆಷಿನ್ ಹಿಡಿದು ಬರುತ್ತಾನೆ. ತಪ್ಪು ಅಲ್ಲೇ ಗೊತ್ತಾಗಿ ಅಲ್ಲೇ ಮುಗಿಯುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ, ಹೆದ್ದಾರಿಯ ಎಡತುದಿಗಿರುವ ಟೋಲಿನ ಎಕ್ಸ್‌ಪ್ರೆಸ್ ಲೇನಿನಲ್ಲಿ ಕಂಬವೂ ಇಲ್ಲ, ಹುಡುಗನೂ ಇಲ್ಲ. ಏನೋ ತಪ್ಪಿದೆ ಎಂದು ತಿಳಿಯುವುದು ಎಷ್ಟೋ ದಿನಗಳ ಮೇಲೆ, ಅಂಚೆಯಲ್ಲಿ ಲಕೋಟೆ ಬಂದಾಗ. ಅಷ್ಟರೊಳಗೆ ಅದೇ ತಪ್ಪನ್ನು ಹೋಗುತ್ತಾ ಬರುತ್ತಾ ದಿನಕ್ಕೆರಡು ಸಲ ಮಾಡಿ ಆಗಿರುತ್ತದೆ. ಹಾಗಾಗಿ ಈ ಲೇನಿನ ಅರ್ಧ ಕೆಲಸ ಕಾರು ಶುರು ಮಾಡುವ ಮೊದಲೇ ಮುಗಿದಿರಬೇಕು.

ಲೇನ್‌ಗಳಲ್ಲಿ ಎರಡು ಬಗೆ. ರಸ್ತೆಯ ಮೇಲೆ ಬಿಳಿ ವಜ್ರದ ಗುರುತು ಮಾತ್ರ ಇದ್ದರೆ ಅದು ಬರೀ ಕಾರ್‌ಪೂಲ್ ಲೇನ್. ಟ್ಯಾಗ್ ಬೇಡ, ದುಡ್ಡು ಬೇಡ, ಬೋರ್ಡಿನಲ್ಲಿ ಬರೆದ ಗಂಟೆಗಳಲ್ಲಿ ಬೋರ್ಡಿನಲ್ಲಿ ಬರೆದಷ್ಟು ತಲೆ ಇರಬೇಕು. ಆ ಗಂಟೆ ಕಳೆದರೆ ಅದು ಎಲ್ಲರ ಲೇನ್. ಇದೇ ಅಭ್ಯಾಸದಲ್ಲಿ ಲಾಸ್ ಏಂಜಲೀಸ್ ಕಡೆಗೆ ಭಾನುವಾರ ಒಬ್ಬರೇ ಹೋಗಿ ಕಾರ್‌ಪೂಲ್ ಲೇನಿಗೆ ನುಗ್ಗಬೇಡಿ, ದಕ್ಷಿಣದಲ್ಲಿ ಬಹುಪಾಲು ಕಾರ್‌ಪೂಲ್ ಲೇನ್‌ಗಳಿಗೆ ದಿನದ 24 ಗಂಟೆಯೂ ನಿಯಮ ಇರುತ್ತದೆ. ಸಿಕ್ಕಿಬಿದ್ದರೆ ದಂಡ ಕನಿಷ್ಠ 490 ಡಾಲರ್.

ಎರಡನೆಯದು ಎಕ್ಸ್‌ಪ್ರೆಸ್ ಲೇನ್: 880, 237, 680, 580, 101 ಸಂಖ್ಯೆಯ ಹೆದ್ದಾರಿಗಳ ಮೇಲೆ ನೋಡುತ್ತೀರಿ. ಒಬ್ಬರೇ ಇದ್ದರೂ ದುಡ್ಡು ಕೊಟ್ಟು ಹೋಗಬಹುದು. ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 5ರಿಂದ ರಾತ್ರಿ 8ರವರೆಗೆ. ಶನಿವಾರ ಲಿವರ್‌ಮೋರ್ ದೇವಸ್ಥಾನಕ್ಕೆ 580ರಲ್ಲಿ ಆರಾಮಾಗಿ ಹೋಗಿ, ಟೋಲ್ ಇಲ್ಲ. ಆದರೆ ವರಮಹಾಲಕ್ಷ್ಮಿ ಬರುವುದೇ ಶುಕ್ರವಾರ, ಸಂಜೆ ಆಫೀಸು ಮುಗಿಸಿ ಸೀರೆಯುಟ್ಟು ಹೊರಡುವ ಹೊತ್ತಿಗೇ 580 ಪೂರ್ವದಿಕ್ಕು ಟ್ರೇಸಿ, ಮೌಂಟನ್ ಹೌಸ್ ಕಡೆಗೆ ಮನೆಗೆ ಹೋಗುವವರಿಂದ ತುಂಬಿರುತ್ತದೆ. ಅಂದು ಟ್ಯಾಗ್ ಬೇಕು.

ಇಲ್ಲಿಯ ಫಾಸ್ಟ್ಯಾಗ್ ಎಂದರೆ ಫಾಸ್‌ಟ್ರ್ಯಾಕ್. ಅದರ ಖಾತೆ ತೆರೆಯುವುದು ಸುಲಭ. ಹೆಸರು, ನಂಬರ್ ಪ್ಲೇಟ್, ಕ್ರೆಡಿಟ್ ಕಾರ್ಡ್, ಅಷ್ಟೇ. ಟ್ಯಾಗ್ ಮಾತ್ರ ನೋಡಿ ತೆಗೆದುಕೊಳ್ಳಿ. ಫಾಸ್‌ಟ್ರ್ಯಾಕ್‌ನಲ್ಲಿ ಸ್ವಿಚ್ ಇಲ್ಲದ ಟ್ಯಾಗ್ ಒಂದು, 1, 2, 3+ ಎಂದು ಸರಿಸುವ ಸ್ವಿಚ್ ಇರುವ ಫ್ಲೆಕ್ಸ್ ಟ್ಯಾಗ್ ಇನ್ನೊಂದು. ಬೇಕಾದದ್ದು ಫ್ಲೆಕ್ಸ್. ಸ್ವಿಚ್ ಇಲ್ಲದ ಟ್ಯಾಗ್ ಇಟ್ಟುಕೊಂಡು ಕಾರಿನ ತುಂಬ ಜನ ಕೂರಿಸಿದರೂ ಯಂತ್ರದ ಲೆಕ್ಕದಲ್ಲಿ ನೀವು ಒಬ್ಬರೇ. ಅಂಗಡಿಯಲ್ಲಿ ಕೊಂಡದ್ದಾದರೆ ಮನೆಗೆ ಬಂದು ಖಾತೆಗೆ ಸೇರಿಸಬೇಕು. ಕೊಂಡ ಸಂಭ್ರಮದಲ್ಲಿ ಇದನ್ನು ಮರೆಯುವವರೇ ಹೆಚ್ಚು. ನ್ಯೂಜೆರ್ಸಿಯಿಂದ ಬಂದವರ ಈಝಡ್‌ಪಾಸ್ ಇಲ್ಲಿ ನಡೆಯುವುದಿಲ್ಲ.

ಟ್ಯಾಗನ್ನು ಗ್ಲೋವ್ ಬಾಕ್ಸಿನಲ್ಲೋ ಕಪ್ ಹೋಲ್ಡರಿನಲ್ಲೋ ಇಡಬೇಡಿ. ಮುಂಗಾಜಿನ ಒಳಮೈ ಒರೆಸಿ ಒಣಗಿಸಿ, ಹಿನ್ನೋಟದ ಕನ್ನಡಿಯ ಹಿಂದೆ ಅಂಟಿಸಿ. ಟ್ಯಾಗ್ ಓದದಿದ್ದರೆ ಕ್ಯಾಮೆರಾ ಪ್ಲೇಟಿನ ಚಿತ್ರ ತೆಗೆಯುತ್ತದೆ, ಪ್ಲೇಟ್ ಖಾತೆಯಲ್ಲಿದ್ದರೆ ಟೋಲ್ ಅಲ್ಲಿಂದಲೇ ಕಳೆಯುತ್ತದೆ. ಆದರೆ ಪ್ಲೇಟಿಗೆ ಸ್ವಿಚ್ ಇರುವುದಿಲ್ಲವಲ್ಲ, ಹಿಂದಿನ ಸೀಟಿನಲ್ಲಿ ಇಬ್ಬರು ಕೂತಿದ್ದರೂ ಪೂರ್ತಿ ಟೋಲ್ ಬೀಳುತ್ತದೆ. ಕೆಲವು ಕಾರುಗಳ ಗಾಜಿಗೆ ಲೋಹದ ಲೇಪ ಇದ್ದು ಸಿಗ್ನಲ್ ಹೊರಗೆ ಹೋಗುವುದಿಲ್ಲ. ಮೊದಲ ವಾರ ತಿಂಗಳ ಲೆಕ್ಕಕ್ಕೆ ಕಾಯದೆ ಖಾತೆ ತೆರೆದು ಒಂದೊಂದು ಸಾಲೂ ನೋಡಿ. ಟ್ಯಾಗ್ ಸಂಖ್ಯೆಯ ಬದಲು ಪ್ಲೇಟ್ ಸಂಖ್ಯೆ ಕಾಣಿಸಿದರೆ ಟ್ಯಾಗ್ ಓದಿಲ್ಲ ಎಂದೇ ಅರ್ಥ.

ನಮ್ಮವರು ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಪ್ಲೇಟಿನ ವಿಷಯದಲ್ಲಿ. ಹೊಸ ಕಾರಿಗೆ ಡೀಲರ್ ಕಾಗದದ ತಾತ್ಕಾಲಿಕ ಪ್ಲೇಟ್ ಹಾಕಿ ಕಳಿಸುತ್ತಾನೆ. ಅದನ್ನು ಖಾತೆಗೆ ಹಾಕುತ್ತೇವೆ. ಆಮೇಲೆ ಲೋಹದ ಪ್ಲೇಟ್ ಬರುತ್ತದೆ, ಸ್ಕ್ರೂ ಬಿಗಿಯುತ್ತೇವೆ, ಖಾತೆಯಲ್ಲಿ ಬದಲಾಯಿಸುವುದಿಲ್ಲ. ಅಲ್ಲಿಂದ ಮುಂದೆ ಟ್ಯಾಗ್ ಒಮ್ಮೆ ಓದದಿದ್ದರೂ ಅದು ದಂಡದ ನೋಟಿಸ್. ನೋಟಿಸ್ ಹೋಗುವುದು ಡಿಎಂವಿಯಲ್ಲಿ, ಅಂದರೆ ಇಲ್ಲಿಯ ಆರ್‌ಟಿಒದಲ್ಲಿ, ಇರುವ ವಿಳಾಸಕ್ಕೆ. ಬಾಡಿಗೆ ಏರಿತೆಂದು ವರ್ಷಕ್ಕೊಂದು ಅಪಾರ್ಟ್‌ಮೆಂಟ್ ಬದಲಿಸುವ ನಾವು ಹತ್ತು ದಿನದೊಳಗೆ ಡಿಎಂವಿಗೆ ತಿಳಿಸಬೇಕೆಂಬುದನ್ನು ಮರೆತಿರುತ್ತೇವೆ. ಮೊದಲ ನೋಟಿಸ್ ಹಳೇ ಮನೆಗೆ, ದಂಡ ಏರಿದ ಎರಡನೆಯದೂ ಹಳೇ ಮನೆಗೆ. ಕೊನೆಗೆ ಕಾರಿನ ನೋಂದಣಿ ನವೀಕರಿಸಲು ಹೋದಾಗ ಬಾಕಿ ಕಟ್ಟುವವರೆಗೆ ಆಗದು ಎನ್ನುತ್ತಾರೆ. ಖಾತೆಗೆ ಕೊಟ್ಟ ಕಾರ್ಡಿನ ಅವಧಿ ಮುಗಿದರೂ ಇದೇ ಗತಿ.

ಇನ್ನು ಸ್ವಿಚ್. 880ರಲ್ಲಿ ಮತ್ತು ಸ್ಯಾನ್ ಮಟೇಯೊ ಭಾಗದ 101ರಲ್ಲಿ ಮೂವರಿದ್ದರೆ ಉಚಿತ, ಇಬ್ಬರಿದ್ದರೆ ಅರ್ಧ, ಒಬ್ಬರಿದ್ದರೆ ಪೂರ್ತಿ. 580 ಮತ್ತು 680ರ ಲೇನ್‌ಗಳು ಇಬ್ಬರಿದ್ದರೆ ಉಚಿತ ಎಂಬ ನಿಯಮದಲ್ಲಿ ತೆರೆದವು. ಹೀಗೆ ಒಂದೊಂದು ರಸ್ತೆಗೆ ಒಂದೊಂದು ಲೆಕ್ಕ, ಕಾಲಕಾಲಕ್ಕೆ ಬದಲಾಗುತ್ತದೆ ಕೂಡ. ಗೆಳೆಯರು ಹೇಳಿದ್ದನ್ನು ನಂಬದೆ ಬೋರ್ಡ್ ನೋಡಿ. ಇಬ್ಬರಿಗೆ ಯಾಕೆ ಅರ್ಧ ಎಂದು ಸಿಟ್ಟಾಗುವವರಿದ್ದಾರೆ. ಕಾರಣ ಇದೆ: ಟೋಲ್ ಇರುವ ಕಾರ್‌ಪೂಲ್ ಲೇನ್ ದಟ್ಟಣೆಯ ಹೊತ್ತಿನಲ್ಲೂ ಬಹುಪಾಲು ಗಂಟೆಗೆ 45 ಮೈಲಿ ಓಡಬೇಕೆಂಬುದು ಕೇಂದ್ರದ ಕಾನೂನು. ಇಬ್ಬಿಬ್ಬರ ಕಾರುಗಳೇ ಲೇನ್ ತುಂಬಿದರೆ ಆ ವೇಗ ಎಲ್ಲಿಂದ ಬರಬೇಕು? ಬೆಲೆ ಏರಿಳಿಯುವುದೂ ಇದಕ್ಕೇ. ಒಳಗೆ ಹೋಗುವಾಗ ಬೋರ್ಡಿನಲ್ಲಿ ಕಂಡ ದರವೇ ನಿಮ್ಮದು, ಆಮೇಲೆ ಏರಿದರೆ ಚಿಂತೆಯಿಲ್ಲ. ದರದ ಜಾಗದಲ್ಲಿ ‘ಎಚ್‌ಒವಿ ಓನ್ಲಿ’ (ಕಾರ್‌ಪೂಲಿನವರಿಗೆ ಮಾತ್ರ) ಎಂದು ಬಂದರೆ ಒಬ್ಬರೇ ಇರುವವರು ದುಡ್ಡು ಕೊಟ್ಟರೂ ಒಳಗೆ ಹೋಗುವ ಹಾಗಿಲ್ಲ.

ಎಲೆಕ್ಟ್ರಿಕ್ ಕಾರಿಗೆ ರಿಯಾಯಿತಿ ಇದೆಯೆಂದು ಹಳಬರು ಈಗಲೂ ಹೇಳುತ್ತಾರೆ. ಆ ರಿಯಾಯಿತಿ ಕೊಡುತ್ತಿದ್ದ ಸ್ಟಿಕ್ಕರ್ ಯೋಜನೆ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಇದೇ ಆಸೆಗೆ ಟೆಸ್ಲಾ ಕೊಳ್ಳಬೇಡಿ.

ತಲೆ ಎಣಿಸುವಾಗ ಮಗುವೂ ಒಂದು ತಲೆ, ಕಾರ್ ಸೀಟಿನಲ್ಲಿ ನಿದ್ದೆ ಹೋದ ಮೂರು ತಿಂಗಳ ಕೂಸೂ ಒಂದು ತಲೆ. ಹೊಟ್ಟೆಯಲ್ಲಿರುವ ಮಗು ಲೆಕ್ಕಕ್ಕಿಲ್ಲ, ನಾಯಿಯೂ ಇಲ್ಲ. ಬೆಳಗ್ಗೆ ಮಗುವನ್ನು ಡೇಕೇರಿಗೆ ಬಿಟ್ಟ ಮೇಲೆ 2ರಿಂದ 1ಕ್ಕೆ ಸರಿಸುವುದನ್ನು ಮರೆತರೆ ಅದು ಮರೆವು ಎಂದು ಯಾರೂ ಒಪ್ಪುವುದಿಲ್ಲ. ಸೀಟ್ ಬೆಲ್ಟ್ ಹಾಕುವಾಗಲೇ ಕೈ ಸ್ವಿಚ್ಚಿಗೆ ಹೋಗಲಿ, ಹೈವೇ ಮೇಲೆ ಓಡಿಸುತ್ತಾ ತಡಕಾಡಬೇಡಿ. ಮನೆಯಲ್ಲಿ ಐದಾರು ವರ್ಷದ ಮಕ್ಕಳಿದ್ದರೆ ಆ ಕೆಲಸ ಅವರಿಗೇ ಒಪ್ಪಿಸಿ, ಒಂದು ದಿನವೂ ತಪ್ಪಿಸುವುದಿಲ್ಲ. ಊರಿಂದ ಅಪ್ಪ ಅಮ್ಮ ಬಂದ ಆರು ತಿಂಗಳು ಸ್ವಿಚ್ 3ರಲ್ಲೇ ಕೂತಿರುತ್ತದೆ. ಅವರನ್ನು ಏರ್‌ಪೋರ್ಟಿಗೆ ಬಿಟ್ಟು 101ರಲ್ಲಿ ಮರಳುವಾಗ ಅದನ್ನು ಸರಿಸುವ ಮನಸ್ಸು ಯಾರಿಗೂ ಇರುವುದಿಲ್ಲ. ಆದರೂ ಸರಿಸಿ.

ಎರಡು ಬಿಳಿ ಗೆರೆ ಜೋಡಿಯಾಗಿ ಓಡುತ್ತಿದ್ದರೆ ದಾಟಬಾರದು, ತುಂಡು ಗೆರೆ ಇದ್ದಲ್ಲಿ ಮಾತ್ರ ಹೊಕ್ಕು ಹೊರಡುವುದು. ಎಕ್ಸಿಟ್ ಬಲತುದಿಯಲ್ಲಿ, ನೀವು ಎಡತುದಿಯಲ್ಲಿ, ನಡುವೆ ಮೂರ್ನಾಲ್ಕು ಲೇನ್. ಎರಡು ಮೈಲಿ ಮೊದಲೇ ಹೊರಬರಲು ಶುರು ಮಾಡಿ. ತಪ್ಪಿತೆಂದರೆ ಮುಂದಿನ ಎಕ್ಸಿಟ್ ಹಿಡಿಯಿರಿ, ಐದು ನಿಮಿಷ ಹೋಗುತ್ತದೆ ಅಷ್ಟೇ. ನಿಮ್ಮ ಲೇನ್ 65ರಲ್ಲಿ ಓಡುತ್ತಾ ಪಕ್ಕದ್ದು ತೆವಳುತ್ತಿದ್ದಾಗ ತುಂಬ ಎಚ್ಚರ ಬೇಕು, ಬೇಸತ್ತ ಒಬ್ಬ ತಟ್ಟನೆ ಎದುರಿಗೆ ನುಗ್ಗುತ್ತಾನೆ. ಹೆದ್ದಾರಿ ಪೊಲೀಸರ (ಸಿಎಚ್‌ಪಿ) ಕಾರು ಹಿಂದೆ ದೀಪ ಹಾಕಿದರೆ ಬಲಬದಿಗೆ ಬಂದು ನಿಲ್ಲಿಸಿ. ನಮ್ಮೂರಿನ ಹಾಗೆ ಇಳಿದು ‘ಸಾರ್, ಸಾರ್’ ಎನ್ನುತ್ತಾ ಹತ್ತಿರ ಹೋಗಲೇಬೇಡಿ. ಬಾಗಿಲು ತೆಗೆಯದೆ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಕೂತಿರಿ.

ನಿಜವಾದ ಕಾರ್‌ಪೂಲ್ ಮಾತ್ರ ನಮ್ಮಲ್ಲಿ ಕಡಿಮೆ. ಬೆಂಗಳೂರಿನಲ್ಲಿ ಕಂಪನಿ ಕ್ಯಾಬಿನಲ್ಲಿ ನಾಲ್ವರು ಒತ್ತಿಕೊಂಡು ಕೂತು, ಸಿಲ್ಕ್ ಬೋರ್ಡಿನಲ್ಲಿ ಗಂಟೆಗಟ್ಟಲೆ ಹರಟಿದವರು ಫ್ರೀಮಾಂಟಿನ ಒಂದೇ ಕಾಂಪ್ಲೆಕ್ಸಿನಿಂದ ಒಂದೇ ಕ್ಯಾಂಪಸ್ಸಿಗೆ ಒಬ್ಬೊಬ್ಬರೇ ಹೋಗುತ್ತೇವೆ. ಕೇಳಲು ಸಂಕೋಚ. ಸಂಜೆ ಆರಕ್ಕೆ ಡೇಕೇರ್ ಮುಚ್ಚುವ ಭಯ ಬೇರೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಾಗ ನೇರವಾಗಿ ಕೇಳಿಬಿಡಿ. ವಾರಕ್ಕೆ ಐದು ದಿನ ಎಂದು ಹೊರಟ ಜೋಡಿ ಉಳಿಯುವುದಿಲ್ಲ. ಎರಡು ದಿನ, ಅದೂ ಬೆಳಗ್ಗೆ ಮಾತ್ರ ಎಂದು ಶುರು ಮಾಡಿ. ಐದು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ ಎಂದು ಮೊದಲೇ ಹೇಳಿಕೊಳ್ಳಿ. ಮಗುವಿಗೆ ಜ್ವರವೆಂದು ಶಾಲೆಯಿಂದ ಫೋನ್ ಬಂದರೆ ಯಾರು ಹೇಗೆ ವಾಪಸಾಗಬೇಕು ಎಂಬುದನ್ನೂ ಮಾತಾಡಿಕೊಳ್ಳಿ. ಡಂಬಾರ್ಟನ್ ಸೇತುವೆಯ ಟೋಲ್ ಪಶ್ಚಿಮಕ್ಕೆ ಹೋಗುವಾಗ ಮಾತ್ರ, ಲೆಕ್ಕ ಹಂಚುವಾಗ ನೆನಪಿರಲಿ. ಖರ್ಚು ಹಂಚಿಕೊಳ್ಳಿ, ಲಾಭ ಮಾಡಬೇಡಿ. ವಿಮೆಯವರೂ ಒಪ್ಪುವುದಿಲ್ಲ, ಎಚ್‌1ಬಿ ವೀಸಾಕ್ಕೂ ಕಂಟಕ.

ಬಾಡಿಗೆ ಕಾರಿನಲ್ಲಿ ಹೋಗುವುದಾದರೆ ಅದರ ಪ್ಲೇಟನ್ನು ಅಷ್ಟು ದಿನಗಳ ಮಟ್ಟಿಗೆ ಖಾತೆಗೆ ಸೇರಿಸಿ, ಇಲ್ಲದಿದ್ದರೆ ಟೋಲಿನ ಮೇಲೆ ಬಾಡಿಗೆ ಕಂಪನಿಯ ಶುಲ್ಕವೂ ಬೀಳುತ್ತದೆ. ಟೋಲ್ ಬಾಕಿ ಇದೆ, ಈ ಲಿಂಕ್ ಒತ್ತಿ ಎಂದು ಮೊಬೈಲಿಗೆ ಬರುವ ಮೆಸೇಜುಗಳು ಮೋಸ, ಮನೆಗೆ ಬಂದ ಹಿರಿಯರಿಗೂ ಹೇಳಿಡಿ. ಕಾರು ಮಾರುವ ದಿನ ಟ್ಯಾಗ್ ಬಿಚ್ಚಿಟ್ಟುಕೊಂಡರೆ ಸಾಲದು. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಪ್ಲೇಟ್ ಕಾರಿನ ಜೊತೆಗೇ ಹೋಗುತ್ತದೆ. ಅದನ್ನು ಖಾತೆಯಿಂದ ಅಳಿಸಿ, ಐದು ದಿನದೊಳಗೆ ಡಿಎಂವಿಗೆ ಮಾರಾಟದ ವಿವರ ಕೊಡಿ. ಇಲ್ಲದಿದ್ದರೆ ಕೊಂಡವನು 880ರಲ್ಲಿ ಓಡಾಡಿದಷ್ಟು ದಿನವೂ ಟೋಲ್ ನಿಮ್ಮ ಕಾರ್ಡಿಗೇ ಬೀಳುತ್ತದೆ.