ಚಿಕಿತ್ಸೆ ಮುಗಿದ ಮೇಲೆ ಸಿಕ್ಕಿಬಿದ್ದವರು ಯಾರು? ಪಟ್ಟಿ ಓದುವ ಕ್ರಮ

ವಾಷಿಂಗ್ಟನ್ ರಾಜ್ಯದ ಒಂದು ಕೌಂಟಿಯಲ್ಲಿ ಆರೋಗ್ಯದ ಅಂಕಿಅಂಶ ನೋಡುವುದು ನನ್ನ ಕೆಲಸ. ಕುಡಿತ ಬಿಡಿಸುವ ಚಿಕಿತ್ಸೆ ಪಡೆದವರಲ್ಲಿ ಮುಂದೆ ಕುಡಿದು ಕಾರು ಓಡಿಸಿ ಅರೆಸ್ಟ್ ಆದವರಲ್ಲಿ ಬಿಳಿಯರೆಷ್ಟು, ಲ್ಯಾಟಿನೋಗಳೆಷ್ಟು, ಮೂಲನಿವಾಸಿಗಳೆಷ್ಟು ಎಂಬ ಪಟ್ಟಿ ಸಿಕ್ಕರೆ, ಶೇಕಡಾ ಕಾಲಂ ಕಡೆಗೆ ಆಮೇಲೆ ಹೋಗಿ.

ಮೊದಲು, ಇವರು ಚಿಕಿತ್ಸೆಗೆ ತಾವಾಗಿ ಬಂದರೋ, ಕೋರ್ಟು ಕಳಿಸಿತೋ ನೋಡಿ. ಚಟ ಬಿಡಿಸುವ ಕೇಂದ್ರಗಳಿಗೆ ಸೇರಿದವರ ದಾಖಲೆಯಾದ ಅಮೆರಿಕದ ಟೆಡ್ಸ್ (TEDS) ದತ್ತಾಂಶದಲ್ಲಿ ಇದಕ್ಕೊಂದು ಕಾಲಂ ಇದೆ. (ಅದು ಎಣಿಸುವುದು ದಾಖಲಾತಿಗಳನ್ನು, ತಲೆಗಳನ್ನಲ್ಲ. ಒಬ್ಬನೇ ಮೂರು ಸಲ ಸೇರಿದರೆ ಮೂರು ಸಾಲು.) ಕೋರ್ಟು ಕಳಿಸಿದವರ ಹಿಂದೆ ಸಾಮಾನ್ಯವಾಗಿ ಹಳೆ ಕೇಸು ಇರುತ್ತದೆ. ಚಿಕಿತ್ಸೆಗೆ ಮುಂಚಿನ ಅರೆಸ್ಟುಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ಎರಡು ಸಮುದಾಯಗಳನ್ನು ಹೋಲಿಸಬೇಡಿ.

ಆಮೇಲೆ ಚಿಕಿತ್ಸೆಯ ಕಡತದ ಹೆಸರನ್ನು ಪೊಲೀಸ್ ಕಡತದ ಹೆಸರಿಗೆ ಹೊಂದಿಸುವ ಜೋಡಣೆ. ನನಗೆ ಅತಿ ಹೆಚ್ಚು ಅನುಮಾನ ಇಲ್ಲೇ. ಚಿಕಿತ್ಸಾ ಕೇಂದ್ರದಲ್ಲಿ ಗಾರ್ಸಿಯಾ ಲೋಪೆಸ್ ಆದವನು ಪೊಲೀಸ್ ಕಡತದಲ್ಲಿ ಬರೀ ಲೋಪೆಸ್ ಆಗಿರಬಹುದು. ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಕೊಂಡು ವೀಸಾ ಪಡೆದ ನಮ್ಮವರಿಗೆ ಈ ಪಜೀತಿ ಬಿಡಿಸಿ ಹೇಳಬೇಕಿಲ್ಲ. ಜೋಡಣೆ ತಪ್ಪಿದರೆ ಆತನ ಅರೆಸ್ಟು ಲೆಕ್ಕದಿಂದ ಮಾಯ. ಮೂಲನಿವಾಸಿಗಳದ್ದು ಬುಡಕಟ್ಟು ನ್ಯಾಯಾಲಯಕ್ಕೆ ಹೋದ ಕೇಸುಗಳು ರಾಜ್ಯದ ಕಡತಕ್ಕೆ ಬಾರದೆಯೂ ಇರಬಹುದು. ಜನಾಂಗದ ಕಾಲಂಗೂ ಇದೇ ಎಚ್ಚರ ಬೇಕು: ರೋಗಿ ತಾನೇ ಹೇಳಿದ್ದನ್ನು ನಂಬಿ, ಪೊಲೀಸರು ಮುಖ ನೋಡಿ ಬರೆದದ್ದನ್ನಲ್ಲ.

ಇನ್ನು ರಸ್ತೆ. ಸಿಯಾಟಲ್‌ನಲ್ಲಿ ಲೈಸೆನ್ಸ್ ಹೋದವನಿಗೆ ಬಸ್ಸಿದೆ, ಲೈಟ್ ರೈಲಿದೆ. ಇದೇ ರಾಜ್ಯದ ಯಾಕಿಮಾದ ಸೇಬಿನ ತೋಟಕ್ಕೆ ನಸುಕಿನಲ್ಲಿ ಹೋಗುವವನಿಗೆ ಕಾರೇ ಗತಿ. ಹಾಗಾಗಿ ಒಂದೇ ಕೌಂಟಿಯೊಳಗೆ ಹೋಲಿಸಿ. ಗಾಡಿ ತಡೆಯುವ ಕಾನೂನೂ ರಾಜ್ಯಕ್ಕೊಂದು ತರಹ. ಎಲ್ಲರನ್ನೂ ನಿಲ್ಲಿಸಿ ಪರೀಕ್ಷಿಸುವ ನಾಕಾಬಂದಿಗೆ ಅಮೆರಿಕದ ಸುಪ್ರೀಂ ಕೋರ್ಟು 1990ರಲ್ಲಿ ಒಪ್ಪಿಗೆ ಕೊಟ್ಟಿದ್ದರೂ, ವಾಷಿಂಗ್ಟನ್‌ನಲ್ಲಿ 1988ರ ರಾಜ್ಯ ತೀರ್ಪಿನಿಂದಾಗಿ ಅದು ನಡೆಯುವುದಿಲ್ಲ. ಇಲ್ಲಿ ಗಾಡಿ ನಿಲ್ಲಿಸಲು ಕಾರಣ ಬೇಕು: ಕೆಟ್ಟ ಹಿಂದೀಪ, ಅವಧಿ ಮುಗಿದ ನಂಬರ್‌ಪ್ಲೇಟ್ ಸ್ಟಿಕರ್. ಹಳೇ ಕಾರಿನ ಬಡವ ಅಷ್ಟೇ ಕುಡಿದಿದ್ದರೂ ಬೇಗ ಸಿಕ್ಕುತ್ತಾನೆ.

ಪೊಲೀಸರ ಕಣ್ಣು ಬಣ್ಣ ನೋಡಿತೇ ಎಂದು ಪರೀಕ್ಷಿಸಲು ಸಂಶೋಧಕರಾದ ಗ್ರೋಗರ್ ಮತ್ತು ರಿಜ್ವೇ 2006ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನ ದತ್ತಾಂಶದ ಮೇಲೆ ತೋರಿಸಿದ ಉಪಾಯವಿದೆ. ಸಂಜೆ ಆರೂವರೆ ಬೇಸಿಗೆಯಲ್ಲಿ ಬೆಳಕು, ಚಳಿಗಾಲದಲ್ಲಿ ಕತ್ತಲು. ಅದೇ ಗಡಿಯಾರದ ಹೊತ್ತಿನಲ್ಲಿ, ಮುಖ ಕಾಣುವಾಗ ತಡೆದವರಲ್ಲಿ ಕರಿಯರ ಪಾಲು ಕಾಣದಾಗಿನದ್ದಕ್ಕಿಂತ ಹೆಚ್ಚಿದೆಯೇ ನೋಡಿ. ಆದರೆ ಕುಡಿದವರ ಕೇಸುಗಳು ಹೆಚ್ಚಾಗಿ ನಡುರಾತ್ರಿಯವು. ಅವಕ್ಕೆ ಈ ಪರೀಕ್ಷೆ ನಡೆಯದು, ಅವನ್ನು ಬೇರೆ ಎತ್ತಿಡಿ.